ತಾಲೀಮಿನ ಗೂಡಿನ ಡಬ್ಬಿ

ರಾಜಾಸಾಬ ಉಸ್ತಾದರು ತೀರಿಕೊಂಡ ಸುದ್ದಿ ರಂಗಂಪೇಟೆಗೆ ತಿಳಿದದ್ದು ಒಂದು ಶುಕ್ರವಾರ, ಕಾಲುವೆಗೆ ನೀರು ಬಿಟ್ಟ ಮರುದಿನ. ಅಮರಪ್ಪ ಎಲ್ಲರಿಗಿಂತ ಮೊದಲು ಓಡಿಬಂದು ಎಲ್ಲರಿಗಿಂತ ಹೆಚ್ಚು ಅತ್ತ. ಇಪ್ಪತ್ತು ವರ್ಷ ಅವರ ತಾಲೀಮಿನ, ಅಂದರೆ ಗರಡಿಮನೆಯ, ಕೆಮ್ಮಣ್ಣಿನಲ್ಲಿ ಹೊರಳಿ ಬೆಳೆದ ಹಿರಿಯ ಶಿಷ್ಯ ಅವನು. ಆ ಕಣ್ಣೀರು ಆರುವ ಮೊದಲೇ ಉಸ್ತಾದರ ಮಗಳು ಮಮ್ತಾಜ ತಾಲೀಮಿನ ಬೀಗದ ಕೈಯನ್ನು ತಾಯಪ್ಪನ ಅಂಗೈಯಲ್ಲಿಟ್ಟಳು.

"ನಮ್ಮ ಅಬ್ಬಾ ಹೇಳಿ ಹೋಗ್ಯಾರ. ಇನ್ನ ನೀನೇ ನೋಡ್ಕೋಬೇಕು, ತಾಯಪ್ಪಣ್ಣ."

ತಾಯಪ್ಪ! ನಿನ್ನೆ ಮೊನ್ನೆ ಬಂದವನು, ಭತ್ತ ನಾಟಿಯ ಕೂಲಿಯವನು. ಆದರೆ ಅಮರಪ್ಪನ ಮೊಣಕಾಲು ದಾಟದ ಗುಂಡುಕಲ್ಲನ್ನು ಅವನು ಹೆಗಲಿಗೇರಿಸಿ ಹಿಂದಕ್ಕೆ ಚೆಲ್ಲುತ್ತಿದ್ದ. ಅದರ ಗುಟ್ಟು ತನಗೆ ಗೊತ್ತೆಂದು ಅಮರಪ್ಪ ನಂಬಿದ್ದ. ದಿನಾ ಮುಂಜಾನೆ ತಾಯಪ್ಪ ಗೋಡೆಯ ಗೂಡಿನಿಂದ ಒಂದು ಡಬ್ಬಿ ತೆಗೆದು, ಮೈಕಟ್ಟು ಬೆಳೆಸುತ್ತದೆಂದು ಅಂಗಡಿಯಲ್ಲಿ ಮಾರುವ ಅಮೈನೋ ಪುಡಿಯನ್ನು ಎರಡು ಚಮಚ ಹಾಲಿಗೆ ಕಲಸಿ ಲೋಟವನ್ನು ಒಳಕೋಣೆಗೆ ಒಯ್ಯುತ್ತಿದ್ದ. ಕದ್ದು ಕುಡಿಯುತ್ತಾನೆ!

ಅಂಥ ಪುಡಿಯನ್ನು ಅಮರಪ್ಪನೂ ಎರಡು ವರ್ಷ ತಿಂದಿದ್ದ. ತೋಳು ಇದ್ದ ಹಾಗೇ ಇತ್ತು. "ಏನೋ ಅಮರ್ಯಾ, ಡಬ್ಬಿ ಎತ್ತಿ ಎತ್ತಿ ಬೆರಳಷ್ಟೇ ದಪ್ಪಾಗ್ಯಾವಲ್ಲೋ!" ಎಂದು ಉಸ್ತಾದರು ಎಲ್ಲರೆದುರು ನಗಿಸಿದ್ದರು. ರೊಟ್ಟಿ, ಬೇಳೆ, ಹಾಲು ಉಂಡು ಬೈಠಕ್ ಹೊಡೆದವನಿಗೆ ಅಂಗಡಿಯ ಪುಡಿ ಬೇಡ ಎಂಬುದು ಅವರ ಮಾತು. ಅಮರಪ್ಪನಿಗೆ ಅದು ಹಿಡಿಸಿರಲಿಲ್ಲ. ತಾಯಪ್ಪನ ಡಬ್ಬಿ ಬೇರೆ, ಒಳ್ಳೆಯದು, ಅಷ್ಟೇ ಎಂದುಕೊಂಡಿದ್ದ.

ಆ ಡಬ್ಬಿಯೇ ಅವನಿಗೆ ದಾರಿ ತೋರಿಸಿತು. ಪುಡಿ ತಿಂದರೆ ಗುಂಡಿಗೆ ನಿಲ್ಲುತ್ತದೆ, ಮೂತ್ರಪಿಂಡ ಹಾಳಾಗುತ್ತದೆ ಎಂದು ಚಹದಂಗಡಿಯಲ್ಲಿ ಕೂತವರೆಲ್ಲ ಹೇಳುತ್ತಾರೆ. ತಾಯಪ್ಪ ಸತ್ತರೆ ಊರು ಡಬ್ಬಿಯನ್ನು ಬೈದು ಸುಮ್ಮನಾಗುತ್ತದೆ. ಅಮರಪ್ಪ ಅವಸರ ಮಾಡಲಿಲ್ಲ. ಉಸ್ತಾದರು ತೀರಿಕೊಂಡ ಮೂವತ್ತೇಳನೆಯ ದಿನ, ತಾಯಪ್ಪ ಹುಡುಗರಿಗೆಂದು ಬಾಗಿಲು ತೆರೆದಿಟ್ಟು ಗದ್ದೆಗೆ ಹೋದ ಹೊತ್ತು ನೋಡಿ, ಪೈರಿಗೆ ಹೊಡೆಯುವ ಬಿಳಿ ಪುಡಿಯನ್ನು ಡಬ್ಬಿಯಲ್ಲಿ ಬೆರೆಸಿದ. ಮುಚ್ಚಳ ಬಿಗಿದು, ಕೈ ತೊಳೆದು, ವಡಗೇರಾದ ಅಕ್ಕನ ಮನೆಗೆ ಬಸ್ಸು ಹತ್ತಿದ.

ಮೂರು ದಿನ ಕಿವಿ ತೆರೆದು ಕೂತ. ಸುದ್ದಿ ಬರಲಿಲ್ಲ. ಸತ್ತವರಿಗಾಗಿ ಪ್ರಾರ್ಥಿಸುವ ನಲವತ್ತನೆಯ ದಿನದ ಓದಿಕೆಗೆ ಹಿರಿಯ ಶಿಷ್ಯ ಇಲ್ಲದಿದ್ದರೆ ಜನ ಏನೆಂದಾರು? ಹಿಂತಿರುಗಿದ. ತಾಲೀಮಿನ ಬಾಗಿಲಲ್ಲಿ ತಾಯಪ್ಪ ಗಟ್ಟಿಮುಟ್ಟಾಗಿ ನಿಂತಿದ್ದ.

"ಬಾ ಅಣ್ಣಾ, ನಿನ್ನ ಹಾದೀನೇ ಕಾಯಾಕತ್ತಿದ್ವಿ. ಮೊದಲ ಲೋಟ ಹಿರೀ ಶಿಷ್ಯಂದು."

ಚಾಪೆಯ ಮೇಲೆ ಊದುಬತ್ತಿ, ಖರ್ಜೂರ, ಪಾತ್ರೆಯ ತುಂಬ ಹಾಲು. ಗೂಡು ಬರಿದಾಗಿತ್ತು.

"ನಿನ್ನ ಡಬ್ಬಿ ಎಲ್ಲಿ?" ಅಮರಪ್ಪ ಕೇಳಿದ.

"ನಂದೆಲ್ಲಿದೋ ಅಣ್ಣಾ! ಉಸ್ತಾದರದು," ಎಂದು ತಾಯಪ್ಪ ಕಣ್ಣೊರೆಸಿಕೊಂಡ. "ಹಲ್ಲು ಹೋಗಿ ರೊಟ್ಟಿ ಇಳೀತಿದ್ದಿಲ್ಲ. ಶಹಾಪುರದ ಡಾಕ್ಟರು ಬರೆದಿದ್ರು. ನಿಮ್ಮನ್ನೆಲ್ಲ ನಗ್ಯಾಡಿದ ಬಾಯಿ ಅದು, ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸಿದ್ರು. ನಾ ಒಂದು ಚಮಚನೂ ಮುಟ್ಟಿಲ್ಲ. ಇವತ್ತು ಉಳಿದದ್ದಷ್ಟೂ ಹಾಲಿಗೆ ಕಲಸೀನಿ."

ಸತ್ತವರು ತಿಂದು ಕುಡಿದದ್ದನ್ನೇ ನಲವತ್ತನೆಯ ದಿನ ಓದಿಕೆಗಿಟ್ಟು ಹಂಚಬೇಕು. ಬೇಡವೆಂದರೆ ಸತ್ತವರನ್ನೇ ಬೇಡವೆಂದ ಹಾಗೆ. ಇದು ಅಮರಪ್ಪನಿಗೆ ತಿಳಿಯದ್ದಲ್ಲ. ಮೂವತ್ತೇಳು ದಿನದಲ್ಲಿ ಆ ಡಬ್ಬಿಯ ಪುಡಿ ಒಂದು ಚಮಚವೂ ಇಳಿದಿರಲಿಲ್ಲ. ತಾಯಪ್ಪ ದಿನಾ ತಿಂದಿದ್ದರೆ ಅದು ಎಂದೋ ಬರಿದಾಗಬೇಕಿತ್ತು; ಮುಚ್ಚಳ ತೆರೆದಾಗ ಅವನು ಅದೊಂದನ್ನು ಯೋಚಿಸಿರಲಿಲ್ಲ. ಲೋಟ ಅವನ ಕೈಗೆ ಬಂತು. ಅವನ ಹಿಂದೆ ಮಮ್ತಾಜ, ತಾಲೀಮಿನ ಹುಡುಗರು, ಎಲ್ಲರೂ ಲೋಟ ಹಿಡಿದು ಅವನು ಮೊದಲು ಕುಡಿಯಲೆಂದು ಕಾದು ನಿಂತಿದ್ದರು. ಓದಿಕೆ ಮುಗಿದ ಕೂಡಲೇ ಕುಡಿಯಬೇಕು, ಇಲ್ಲವೇ ಬಾಯಿ ಬಿಡಬೇಕು. ಓದಿಕೆ ಮಾಡಿಸುತ್ತಿದ್ದ ಮುದುಕ ಬಾಷುಮಿಯಾ ಕಣ್ಣು ಮುಚ್ಚಿ ಎರಡೂ ಅಂಗೈ ಎತ್ತಿದರು: "ದೇವರೇ, ಹೋದ ಜೀವಕ್ಕೆ ಶಾಂತಿ ಕೊಡು. ಅವರ ಗೋರಿಯಲ್ಲಿ ಬೆಳಕು ತುಂಬು. ಆಮೀನ್."