ಎಡಗಡೆಯ ಎರಡು ಗುಳಿಗಳು

ಹತ್ತೊಂಬತ್ತು ವರ್ಷಗಳಾದ ಮೇಲೆ ರಸ್ ನನ್ನ ಶೆಡ್ಡಿಗೆ ಬಂದ. ಕಾರುಗಳ ಸೀಟಿಗೆ, ಡ್ಯಾಶ್‌ಬೋರ್ಡಿಗೆ ಹೊಸ ರೆಕ್ಸಿನ್ ಹೊದಿಸುವುದು ನನ್ನ ಕಸುಬು. ನಮ್ಮೂರು ಬ್ರೋಕನ್ ಹಿಲ್‌ನಲ್ಲಿ ರೆಕ್ಸಿನ್ ಸೀಳುವ ಬಿಸಿಲಿರುವವರೆಗೂ ನನಗೆ ಕೆಲಸಕ್ಕೇನೂ ಬರವಿಲ್ಲ.

ಅವನದು ಅದೇ ಹಳೇ ಕಾರು, ಅರವತ್ತೆಂಟರ ಹೋಲ್ಡನ್. ಡ್ಯಾಶ್‌ಬೋರ್ಡು ಉದ್ದಕ್ಕೂ ಸೀಳಿಹೋಗಿತ್ತು. ಎಡಗಡೆ, ಪಕ್ಕದ ಸೀಟಿನೆದುರು, ಎರಡು ಸಣ್ಣ ಗುಳಿಗಳು. ಮೆನಿಂಡಿ ಕೆರೆಗೆ ಹೋಗುವಾಗಲೆಲ್ಲ ನಾನು ಹಿಮ್ಮಡಿ ಊರಿಕೊಂಡು ಕೂರುತ್ತಿದ್ದ ಜಾಗ ಅದು. ‘ಕಾಲು ತೆಗಿಯೇ’ ಎಂದು ಅವನು ಬೈಯುತ್ತಿದ್ದ. ಕಣ್ಣು ಮಾತ್ರ ರಸ್ತೆ ಬಿಟ್ಟು ನನ್ನ ಪಾದದ ಮೇಲೇ ಇರುತ್ತಿತ್ತು.

“ಪೂರ್ತಿ ಹೊಸದಾಗ್ಬೇಕು, ಮಾರ್ಲ್. ಶನಿವಾರ ಮದುವೆ.”

“ಯಾರದು?”

“ನಂದೇ.”

ಟೀ ಮಗ್ಗನ್ನು ಕೆಳಗಿಟ್ಟೆ.

“ಈ ಗುಳಿ ಯಾರದು ಅಂತ ನಾನು ಮದ್ವೆಯಾಗೋ ಹುಡುಗಿ, ಗ್ಲೆನಿಸ್, ಕೇಳಿದ್ಳು. ಹೇಳ್ದೆ.”

“ಏನಂದ್ಳು?”

“ಹಾಗಾದ್ರೆ ಅವಳ ಕೈಲೇ ಸರಿಮಾಡಿಸ್ಕೊಂಡು ಬಾ ಅಂದ್ಳು.”

“ಜಾಣೆ. ನಿಂಗೆ ಹೆಚ್ಚಾದ್ಳು.”

ಅವನು ನಕ್ಕ. ಬಾಯಿಯ ಒಂದೇ ಕಡೆ ಅರಳುವ ಆ ಹಳೇ ನಗು. ನಾನು ಅಳತೆ ಟೇಪು ಕೈಗೆತ್ತಿಕೊಂಡೆ.

ಮೂರು ದಿನ ಸೀಳು ತುಂಬಿದೆ, ಉಜ್ಜಿದೆ. ಗುಳಿಗಳಿಗೆ ಕೊನೆಯಲ್ಲಿ ಕೈಹಾಕಿದೆ. ಅವತ್ತು ಊಟ ಸೇರಲಿಲ್ಲ.

ರೆಕ್ಸಿನ್ ಎಳೆದು ಕೂರಿಸಲು ನಾಲ್ಕು ಕೈ ಬೇಕು. ಇನ್ನೊಂದು ತುದಿ ಹಿಡಿಯಲು ಅವನನ್ನೇ ಕರೆದೆ. ಅಂಟು ಕಚ್ಚುವವರೆಗೆ ಇಬ್ಬರೂ ಅಲುಗಾಡುವಂತಿಲ್ಲ.

“ಅವತ್ತು ಊರು ಬಿಟ್ಟಾಗ ನನ್ ಜೊತೆ ಮೌಂಟ್ ಐಸಾಗೆ ಯಾಕೆ ಬರ್ಲಿಲ್ಲ?” ಎಂದು ಅವನು ರೆಕ್ಸಿನ್ನನ್ನೇ ಕೇಳಿದ.

“‘ಬರೋದಾದ್ರೆ ಬಾ’ ಅಂದೆ ನೀನು. ಬರೀ ‘ಬಾ’ ಅನ್ಲಿಲ್ಲ. ಬ್ಯಾಗ್ ತುಂಬ್ಕೊಂಡು ಬಾಗಿಲ ಹಿಂದೇನೇ ನಿಂತಿದ್ದೆ, ಕತ್ತೆ.”

“ಹಾರ್ನ್ ಹೊಡೆದ್ನಲ್ಲ.”

“ದನ ಅಡ್ಡ ಬಂದ್ರೂ ಹೊಡೀತೀಯ.”

ಅವನು ಹಿಡಿದಿದ್ದ ತುದಿ ತುಸು ಜಾರಿತು.

“ಸಡಿಲ ಬಿಡ್ಬೇಡ. ಸುಕ್ಕು ಬೀಳುತ್ತೆ,” ಎಂದೆ. ನನ್ನ ಕಣ್ಣು ಮಂಜಾಗಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವನು ಕಾರಿನಲ್ಲಿ ಕೂತು ಎಡಗಡೆಗೆ ಕೈಚಾಚಿದ. ಬೆರಳು ಅತ್ತಿಂದಿತ್ತ ತಡಕಾಡಿತು. ಎಲ್ಲಾ ನುಣ್ಣಗಿತ್ತು.

“ಒಂದನ್ನಾದ್ರೂ ಹಾಗೇ ಬಿಟ್ಟಿರ್ತೀಯ ಅಂದ್ಕೊಂಡಿದ್ದೆ.”

“ಬಿಡು ಅಂತ ನೀನು ಹೇಳ್ಲಿಲ್ವಲ್ಲ, ರಸ್.”

ಅವನು ಕೈ ತೆಗೆಯಲಿಲ್ಲ. ನಾನೂ ಕಾದೆ. ಆಗಲೂ ಒಂದು ಮಾತು ಆಡಿದ್ದರೆ, ಅಂಟು ಮೆತ್ತಿದ ಏಪ್ರನ್‌ನಲ್ಲೇ ಹತ್ತಿ ಕೂತುಬಿಡುತ್ತಿದ್ದೆ. ಅವನು ಕೀಲಿ ತಿರುಗಿಸಿದ.

ಗೇಟಿನ ಹತ್ತಿರ ಕಾರು ನಿಂತಿತು. ಒಂದು ಸಲ ಹಾರ್ನ್ ಹೊಡೆದ. ಈ ಸಲ ನಾನು ಬಾಗಿಲ ಹಿಂದೆ ಇರಲಿಲ್ಲ, ಅವನ ಕನ್ನಡಿಯಲ್ಲಿ ಕಾಣುವ ಹಾಗೆ ಅಂಗಳದಲ್ಲೇ ನಿಂತಿದ್ದೆ.

ಅವನು ಹೊರಟುಹೋದ.