ಮೇಷ್ಟ್ರ ತೊಡೆಯ ಮೇಲಿದ್ದ ಯುಕುಲೇಲೆ

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ತರಕಾರಿ ಅಂಗಡಿಯವನು ನಮ್ಮ ಬಾಗಿಲು ತಟ್ಟಿದಾಗಲೇ ಏನೋ ಕೇಡಾಗಿದೆ ಎಂದುಕೊಂಡೆ. ನಮ್ಮ ಅತ್ತಿಗೆಯನ್ನು ದೂರದಲ್ಲಿ ಕಂಡರೂ ರಸ್ತೆ ದಾಟಿಬಿಡುವ ಆಸಾಮಿ ಅವನು. ಅತ್ತಿಗೆ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದಾಗ ಅವನ ತಕ್ಕಡಿಯನ್ನು ಎರಡು ಸಲ ಜಪ್ತಿ ಮಾಡಿದ್ದರು. ನಿವೃತ್ತರಾಗಿ ಆರು ವರ್ಷವಾದರೂ ಪೇಟೆಯವರ ಬಾಯಲ್ಲಿ ಅವರು ಇನ್ನೂ ‘ತಕ್ಕಡಿಯಮ್ಮ’. ಈ ಆರು ವರ್ಷಗಳಲ್ಲಿ ಪೊಲೀಸರು ಕೈಬಿಟ್ಟ ನಾಲ್ಕಾರು ಕೇಸುಗಳನ್ನು ಬಿಡಿಸಿದ್ದರಿಂದ ಆ ಹೆಸರು ಗಟ್ಟಿಯಾಗಿ ಅಂಟಿಕೊಂಡಿತ್ತು.

ಅವನು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದ. “ಅಮ್ಮಾ, ನಮ್ಮಣ್ಣ ಹೋಗ್ಬಿಟ್ಟ. ಅವನ ಮಗಳನ್ನ ನಿನ್ನೆ ಸಂಜೆ ಸ್ಟೇಷನ್ನಿಗೆ ಕರ್ಕೊಂಡು ಹೋದ್ರು. ಅಪ್ಪನಿಗೆ ಟೀಯಲ್ಲಿ ನಿದ್ದೆ ಮಾತ್ರೆ ಹಾಕಿ ಕೊಂದಿದಾಳೆ ಅಂತಾರೆ. ನಾಳೆ ಜೈಲಿಗೆ ಕಳಿಸ್ತಾರಂತೆ. ನನ್ನ ತಕ್ಕಡಿ ಬೇಕಾದ್ರೆ ಮುರಿದು ಹಾಕಿ, ಆ ಹುಡುಗೀನ ಉಳಿಸಿಕೊಡಿ.”

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಅವನ ಅಣ್ಣನೆಂದರೆ ನಮ್ಮ ಯುಕುಲೇಲೆ ಮೇಷ್ಟ್ರು.

ನಾನು ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಕರಡು ತಿದ್ದಿದವನು. ಸಂಗೀತಕ್ಕೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಮೂರು ತಿಂಗಳ ಹಿಂದೆ ಎಡಗೈ ಮಣಿಕಟ್ಟು ಮುರಿದುಕೊಂಡೆ. ಬೆರಳು ಆಡಿಸುತ್ತಿರಬೇಕು ಎಂದು ಡಾಕ್ಟರು ಹೇಳಿದ್ದೇ ತಡ, ಅತ್ತಿಗೆ ನನ್ನನ್ನು ಮೇಷ್ಟ್ರ ಶನಿವಾರದ ತರಗತಿಗೆ ಸೇರಿಸಿದರು. ಸೈಕಲ್ ಅಂಗಡಿಯ ಮೇಲಿನ ಉದ್ದನೆಯ ಕೋಣೆ, ಅರ್ಧವೃತ್ತದಲ್ಲಿ ಮಡಚುವ ಕುರ್ಚಿಗಳು, ಗೋಡೆಯ ಮೇಲೆ ಬೆರಳು ಎಲ್ಲಿಡಬೇಕೆಂದು ಬಣ್ಣದ ಚುಕ್ಕೆ ಬರೆದ ಹಾಳೆಗಳು. ಎದುರಿಗೆ ಮೇಷ್ಟ್ರು. ಗಿಟಾರಿನ ಮರಿಯಂತಿರುವ ನಾಲ್ಕು ತಂತಿಯ ಆ ಪುಟ್ಟ ವಾದ್ಯವನ್ನು ಎದೆಗೊತ್ತಿಕೊಂಡು ಮೊದಲ ದಿನವೇ ಅವರು ಒಂದು ಗುಟ್ಟು ಹೇಳಿದ್ದರು.

“ನಾನು ಬಲಗೈಯಲ್ಲಿ ಮೀಟೋನು. ಎದುರಿಗೆ ಕೂತ ನಿಮಗೆ ಎಲ್ಲಾ ತಿರುಗುಮುರುಗು ಕಾಣತ್ತೆ, ತಲೆ ಕೆಡತ್ತೆ. ಅದಕ್ಕೆ ಪಾಠಕ್ಕೆ ಅಂತಲೇ ಒಂದರ ತಂತಿ ತಿರುಗಿಸಿ ಕಟ್ಟಿದೀನಿ. ಪಾಠದಲ್ಲಿ ಎಡಗೈಯಲ್ಲಿ ಮೀಟ್ತೀನಿ. ಕನ್ನಡಿ ನೋಡ್ಕೊಂಡ ಹಾಗೆ ನನ್ನ ನೋಡಿ, ಸಾಕು.”

ಆ ಪಾಠದ ವಾದ್ಯಕ್ಕೆ ಕೆಂಪು ರಿಬ್ಬನ್ ಕಟ್ಟಿತ್ತು. ಅವರ ಹಳೆಯ ಕಪ್ಪು ಯುಕುಲೇಲೆ ಹಿಂದಿನ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು.

ಮೊದಲ ದಿನ ನಾವು ಮೂವರಿದ್ದೆವು: ನಾನು, ಸ್ಕೂಲ್ ಬಸ್ ಡ್ರೈವರ್, ಬ್ಯೂಟಿ ಪಾರ್ಲರಿನ ಅಕ್ಕ. ಅಕ್ಕ ಎಡಗೈಯ ಉಗುರುಗಳನ್ನು ಮಾತ್ರ ಕತ್ತರಿಸಿಕೊಂಡು, ಬಲಗೈಯವನ್ನು ಉದ್ದಕ್ಕೆ ಬಿಟ್ಟು ಬರುತ್ತಿದ್ದರು. ಡ್ರೈವರ್ ತಂತಿಯನ್ನು ಗೇರ್ ಹಾಕಿದಂತೆ ಒತ್ತುತ್ತಿದ್ದ. ಮೂರನೇ ವಾರ ಎದುರು ರಸ್ತೆಯ ಮೆಡಿಕಲ್ ಸ್ಟೋರಿನವರು ಹೊಸ ವಾದ್ಯ ಹಿಡಿದು ಬಂದರು. ಬಿಪಿ ಜಾಸ್ತಿಯಾಗಿದೆ, ಮನಸ್ಸಿಗೆ ನೆಮ್ಮದಿ ಬೇಕು ಎಂದರು. ತರಗತಿ ಮುಗಿದ ಮೇಲೆ ಮೇಷ್ಟ್ರು ಏಳರವರೆಗೂ ಒಬ್ಬರೇ ಕೂತು ನುಡಿಸುವುದು ವಾಡಿಕೆ. ಅದು ರಸ್ತೆಗೆಲ್ಲ ಕೇಳಿಸುತ್ತಿತ್ತು.

“ಹೇಗೆ ಸಿಕ್ಕಿದರು?” ಅತ್ತಿಗೆ ಕೇಳಿದರು.

“ಶನಿವಾರ ಏಳೂವರೆಯಾದರೂ ಮನೆಗೆ ಬರಲಿಲ್ಲ ಅಂತ ಮಗಳೇ ಹೋಗಿ ನೋಡಿದಾಳೆ. ಕುರ್ಚಿಯಲ್ಲೇ ಕೂತಿದ್ದ. ತೊಡೆ ಮೇಲೆ ಕೆಂಪು ರಿಬ್ಬನ್ನಿನ ಯುಕುಲೇಲೆ. ಪಕ್ಕದಲ್ಲಿ ಖಾಲಿ ಲೋಟ, ಇವಳೇ ತಂದಿಟ್ಟಿದ್ದ ಫ್ಲಾಸ್ಕು. ನುಡಿಸ್ತಾ ನುಡಿಸ್ತಾ ಮಲಗಿದ ಹಾಗೆ.” ಅವನು ಮುಖ ಒರೆಸಿಕೊಂಡ. “ಅವತ್ತು ಮಧ್ಯಾಹ್ನ ಮೆಟ್ಟಿಲ ಮೇಲೆ ಇಬ್ಬರಿಗೂ ಜಗಳ ಆಗಿತ್ತು. ‘ಸತ್ತೋರ ಕಪಾಟು ಕೆದಕೋದು ಬಿಡಿ, ಇಲ್ಲಾ ನೀವೂ ಅವರ ಜೊತೆ ಹೋಗಿ’ ಅಂದುಬಿಟ್ಟಳಂತೆ. ಸೈಕಲ್ ಅಂಗಡಿಯವನು ಕೇಳಿಸ್ಕೊಂಡಿದಾನೆ. ಅಮ್ಮ ಸತ್ತಾಗಿನಿಂದ ಅವಳಿಗೆ ನಿದ್ದೆ ಮಾತ್ರೆ ಕೊಟ್ಟಿದ್ರು. ಮನೇಲಿ ಅರ್ಧ ಖಾಲಿಯಾದ ಶೀಟು ಸಿಕ್ಕಿದೆ.”

ಅತ್ತಿಗೆ ನನ್ನ ಕಡೆ ತಿರುಗಿದರು. “ನೀನು ಅವತ್ತು ಪಾಠಕ್ಕೆ ಹೋಗಿದ್ದೆಯಲ್ಲ. ಏನಾಯ್ತು, ಒಂದೂ ಬಿಡದೆ ಹೇಳು.”

ಹೇಳಲು ನಾಚಿಕೆಯಾಯಿತು. ಐದಕ್ಕೆ ಪಾಠ ಮುಗಿದು ನಾವು ನಾಲ್ವರೂ ವಾದ್ಯಗಳನ್ನು ಚೀಲಕ್ಕೆ ಹಾಕುತ್ತಿದ್ದಾಗ ಮೇಷ್ಟ್ರು ಎಲ್ಲರಿಗೂ ಕೇಳುವಂತೆ ನನ್ನನ್ನು ಕೂಗಿದ್ದರು. “ಒಂದು ಅರ್ಜಿ ಬರೆದಿದೀನಿ, ನಮ್ಮ ಮನೆಯವಳ ಸಾವಿನ ವಿಷಯ. ಇಲ್ಲೇ ಇದೆ. ತಪ್ಪು ತಿದ್ದಿ ಕೊಡ್ತೀರಾ?” ನನಗೆ ಬಸ್ಸಿನ ಅವಸರ. “ಸೋಮವಾರ ತನ್ನಿ ಮೇಷ್ಟ್ರೇ” ಎಂದು ಮೆಟ್ಟಿಲಿಳಿದುಬಿಟ್ಟಿದ್ದೆ.

“ಆ ಅರ್ಜಿ ಸಿಕ್ಕಿತೇ?”

“ಯಾವ ಕಾಗದವೂ ಸಿಕ್ಕಿಲ್ಲ” ಎಂದ ಮೇಷ್ಟ್ರ ತಮ್ಮ.

ಅತ್ತಿಗೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಅವರು ಹಾಗೆ ಮಾಡಿದರೆ ಯಾರದೋ ತಕ್ಕಡಿಯಲ್ಲಿ ದೋಷ ಕಂಡಿದೆ ಎಂದೇ ಅರ್ಥ.

ಠಾಣೆಯ ಅಧಿಕಾರಿ ಹಿಂದೊಮ್ಮೆ ಅತ್ತಿಗೆಯ ದಾಳಿಗಳಲ್ಲಿ ಜೊತೆಗಿದ್ದವರು. ತಕರಾರಿಲ್ಲದೆ ಹುಡುಗಿಯನ್ನು ನೋಡಲು ಬಿಟ್ಟರು, ಶವದ ಫೋಟೋವನ್ನೂ ತೋರಿಸಿದರು. ಮೇಷ್ಟ್ರ ತಲೆ ಎದೆಗೆ ವಾಲಿತ್ತು. ವಾದ್ಯದ ಕತ್ತು ಅವರ ಬಲಗಡೆಗೆ ಚಾಚಿತ್ತು, ಎಡಗೈ ತಂತಿಗಳ ಮೇಲಿತ್ತು. ಪಾಠದಲ್ಲಿ ಕೂರುತ್ತಿದ್ದುದೇ ಹಾಗೆ. ನನಗೆ ಹೆಚ್ಚು ಹೊತ್ತು ನೋಡಲಾಗಲಿಲ್ಲ.

ಹುಡುಗಿ ಬೆಂಚಿನ ತುದಿಯಲ್ಲಿ ಕೂತಿದ್ದಳು. ಇಪ್ಪತ್ತೆರಡರ ಮುಖ ನಲವತ್ತರದಾಗಿತ್ತು. ಅತ್ತಿಗೆ ಜಗಳದ ಬಗ್ಗೆ ಒಂದು ಮಾತೂ ಎತ್ತಲಿಲ್ಲ.

“ಅಪ್ಪ ಒಬ್ಬರೇ ಇದ್ದಾಗ ಯಾವುದನ್ನ ನುಡಿಸೋರಮ್ಮ?”

“ಕಪ್ಪುದು. ಅಮ್ಮ ಕೊಡಿಸಿದ್ದು.” “ರಿಬ್ಬನ್‌ದು ಪಾಠ ಮುಗಿದ ತಕ್ಷಣ ಪೆಟ್ಟಿಗೆಗೆ ಹಾಕಿಬಿಡೋರು. ಆಂಟಿ, ನಾನು ಅವತ್ತು ಬಾಯಿಗೆ ಬಂದ ಹಾಗೆ ಮಾತಾಡಿದೆ. ಅದೇ ಕೊನೇ ಮಾತಾಯ್ತು. ಜೈಲಿಗೆ ಹಾಕಿದರೆ ಹಾಕಲಿ ಬಿಡಿ.”

“ಹಾಗೆಲ್ಲ ಅನ್ನಬಾರದು. ಸಂಜೆವರೆಗೆ ತಡಿ” ಎಂದು ಅತ್ತಿಗೆ ಅವಳ ತಲೆ ಸವರಿದರು.

ಅಲ್ಲಿಂದ ಅವರು ಹೋದದ್ದು ಮೇಷ್ಟ್ರ ಹೆಂಡತಿಗೆ ಚಿಕಿತ್ಸೆ ಮಾಡಿದ್ದ ಹೃದಯದ ಡಾಕ್ಟರ ಬಳಿಗೆ. ನನ್ನನ್ನು ಹೊರಗೆ ಕೂರಿಸಿ ಅರ್ಧ ಗಂಟೆ ಮಾತಾಡಿದರು. ಹೊರಗೆ ಬಂದವರ ಮುಖ ಕಪ್ಪಿಟ್ಟಿತ್ತು. ದಾರಿಯುದ್ದಕ್ಕೂ ನಾನು ಏನು ಕೇಳಿದರೂ “ಹ್ಞೂಂ” ಎಂದರೇ ಹೊರತು ಬಾಯಿ ಬಿಡಲಿಲ್ಲ. ಇಷ್ಟು ವರ್ಷ ಜೊತೆಗಿದ್ದರೂ ಈ ವಿಷಯದಲ್ಲಿ ಅವರ ಮೇಲೆ ನನಗೆ ಸಿಟ್ಟು ಬರುತ್ತದೆ.

ನಾಲ್ಕು ಗಂಟೆಗೆ ಎಲ್ಲರೂ ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಸೇರಿದೆವು. ಬಣ್ಣದ ಚುಕ್ಕೆಗಳ ಹಾಳೆಗಳು ಗೋಡೆಯಲ್ಲಿ ಹಾಗೇ ಇದ್ದವು. ಅತ್ತಿಗೆ ಡ್ರೈವರನ್ನೂ ಪಾರ್ಲರಿನ ಅಕ್ಕನನ್ನೂ ಮೆಟ್ಟಿಲ ಬಳಿ ನಿಲ್ಲಿಸಿ ಬಾಗಿಲು ಮುಚ್ಚಿಸಿದರು. ಒಳಗೆ ಉಳಿದವರು ಅಧಿಕಾರಿ, ಇಬ್ಬರು ಪೇದೆಗಳು, ಹುಡುಗಿ, ಅವಳ ಚಿಕ್ಕಪ್ಪ, ಮೆಡಿಕಲ್ ಸ್ಟೋರಿನವರು. ನನ್ನನ್ನು ಮೇಷ್ಟ್ರ ಕುರ್ಚಿಯಲ್ಲೇ ಕೂರಿಸಿದರು.

“ಒಂದು ಸಣ್ಣ ಸಹಾಯ ಬೇಕಿತ್ತು” ಎಂದು ಅತ್ತಿಗೆ ಮೆಡಿಕಲ್ ಸ್ಟೋರಿನವರಿಗೆ ಹೇಳಿದರು. “ಪಾಠ ಮುಗಿದ ಮೇಲೆ ಮೇಷ್ಟ್ರು ಒಬ್ಬರೇ ನುಡಿಸ್ತಿದ್ದರಲ್ಲ, ಆಗ ಹೇಗೆ ಕೂರೋರು? ವಾದ್ಯ ತಗೊಂಡು ಇವನ ಕೈಗೆ ಹಾಗೇ ಇಟ್ಟು ತೋರಿಸ್ತೀರಾ?”

ಅವರು ಗೋಡೆಯ ಕಡೆ ನೋಡಲೂ ಇಲ್ಲ. ಪೆಟ್ಟಿಗೆಯಿಂದ ರಿಬ್ಬನ್ನಿನ ಯುಕುಲೇಲೆ ತೆಗೆದು ನನ್ನ ತೊಡೆಯ ಮೇಲಿಟ್ಟು, ಕತ್ತನ್ನು ಬಲಗಡೆಗೆ ತಿರುಗಿಸಿ, ನನ್ನ ಎಡಗೈಯನ್ನು ತಂತಿಯ ಮೇಲಿರಿಸಿದರು. “ಎಡಗೈಯವರಲ್ವಾ, ಹೀಗೆ.”

“ಆ ಗೋಡೆ ಮೇಲಿನ ಕಪ್ಪುದು?”

“ಅದು ಅವರ ಹೆಂಡತಿ ನೆನಪಿಗೆ ತೂಗು ಹಾಕಿದ್ದು ಅನ್ಸತ್ತೆ.”

ಅತ್ತಿಗೆ ಉಳಿದಿಬ್ಬರನ್ನೂ ಒಬ್ಬೊಬ್ಬರಾಗಿ ಕರೆದು ಅದೇ ಪ್ರಶ್ನೆ ಕೇಳಿದರು. ಡ್ರೈವರ್ ನೇರವಾಗಿ ಹೋಗಿ ಕಪ್ಪು ವಾದ್ಯ ಇಳಿಸಿದ. “ಕೆಂಪುದು ನಮಗೋಸ್ಕರ ಕಟ್ಟಿದ್ದು ಅಮ್ಮಾ. ಅದು ಕನ್ನಡಿ.” ಪಾರ್ಲರಿನ ಅಕ್ಕನೂ ಕಪ್ಪುದನ್ನೇ ತಂದು ಕತ್ತನ್ನು ನನ್ನ ಎಡಕ್ಕೆ ತಿರುಗಿಸಿದರು. ಮೆಡಿಕಲ್ ಸ್ಟೋರಿನವರ ಕಣ್ಣು ಕೆಂಪು ರಿಬ್ಬನ್ನಿನ ಮೇಲೆಯೇ ನಿಂತಿತು.

“ಈಗ ಹೇಳ್ತೀನಿ” ಎಂದು ಅತ್ತಿಗೆ ಕೂತರು. “ಮೇಷ್ಟ್ರು ಒಬ್ಬರೇ ಇದ್ದಾಗ ಆ ರಿಬ್ಬನ್ ವಾದ್ಯ ಮುಟ್ಟೋರೇ ಅಲ್ಲ. ಅಂದಮೇಲೆ ಅದನ್ನ ತೊಡೆ ಮೇಲೆ ಇಟ್ಟವರು ಬೇರೆ ಯಾರೋ. ಟೀ ಕುಡಿದು ನುಡಿಸ್ತಾ ಸತ್ತರು, ಜೊತೇಲಿ ಯಾರೂ ಇರಲಿಲ್ಲ ಅಂತ ಅನ್ನಿಸಬೇಕಿತ್ತು ಅವರಿಗೆ. ಮಗಳಿಗೆ ಆ ತಪ್ಪು ಆಗೋದು ಸಾಧ್ಯವೇ ಇಲ್ಲ, ಹುಟ್ಟಿದಾಗಿನಿಂದ ಅಪ್ಪನ್ನ ನೋಡಿದಾಳೆ.”

“ಬೇಕಂತಲೇ ಹಾಗಿಟ್ಟಿದ್ದರೆ?” ಅಧಿಕಾರಿ ಬಿಡಲಿಲ್ಲ.

“ಇಟ್ಟಿದ್ದರೆ ಮೊದಲ ದಿನವೇ ‘ಇದು ತಪ್ಪಾಗಿದೆ ನೋಡಿ’ ಅಂತ ನಿಮಗೆ ತೋರಿಸೋಳು. ನಾನಾಗೇ ಕೇಳೋವರೆಗೂ ಅವಳ ಬಾಯಿಂದ ಅದರ ಮಾತೇ ಬರಲಿಲ್ಲ. ಇದು ಮೇಷ್ಟ್ರನ್ನ ಪಾಠದಲ್ಲಿ ಮಾತ್ರ ನೋಡಿದವರು ಮಾಡೋ ತಪ್ಪು. ಅದರಲ್ಲೂ ಮೊದಲ ದಿನದ ಪಾಠಕ್ಕೆ ಬಾರದವರು ಮಾಡೋದು. ಅರ್ಜಿಯ ಮಾತು ಕೇಳಿಸಿಕೊಂಡವರು ನಾಲ್ಕೇ ಜನ. ಅವರಲ್ಲಿ ಮೊದಲ ದಿನ ಇಲ್ಲದಿದ್ದವರು ಒಬ್ಬರೇ.”

ಈ ಎರಡೂ ಸಂಗತಿ ನನಗೆ ಗೊತ್ತಿದ್ದವು. ಫೋಟೋವನ್ನೂ ನೋಡಿದ್ದೆ. ಆದರೂ ನನ್ನ ಮಂಡೆಗೆ ಹೊಳೆದಿರಲಿಲ್ಲ.

“ಇದೆಲ್ಲ ಊಹೆ” ಎಂದರು ಮೆಡಿಕಲ್ ಸ್ಟೋರಿನವರು. ದನಿ ಮಾತ್ರ ಸಣ್ಣಗಾಗಿತ್ತು. “ನನಗೂ ಅವರಿಗೂ ಏನು ದ್ವೇಷ?”

“ದ್ವೇಷ ಇಲ್ಲ, ಭಯ. ಹೋದ ತಿಂಗಳು ಮೇಷ್ಟ್ರು ಹೆಂಡತಿ ಕಪಾಟಲ್ಲಿ ಒಂದು ಮಾತ್ರೆ ಶೀಟು ಕಂಡರು. ಡಾಕ್ಟರ ಹತ್ತಿರ ತಗೊಂಡು ಹೋದರು. ಚೀಟಿಯಲ್ಲಿ ಬರೆದದ್ದೇ ಬೇರೆ, ನೀವು ಕೊಟ್ಟದ್ದೇ ಬೇರೆ. ಆ ತಪ್ಪು ಮಾತ್ರೆ ಮೂರು ವಾರ ನುಂಗಿ ಆ ತಾಯಿ ಸತ್ತರು. ಡಾಕ್ಟರು ಶೀಟಿನ ಫೋಟೋ ಇಟ್ಕೊಂಡಿದಾರೆ. ಅದರ ಬ್ಯಾಚ್ ನಂಬರ್ ಈ ಪೇಟೆಯಲ್ಲಿ ಬಂದಿರೋದು ನಿಮ್ಮ ಅಂಗಡಿಗೆ ಮಾತ್ರ ಅಂತ ಕಂಪನಿಯವರು ಮಧ್ಯಾಹ್ನ ಹೇಳಿದಾರೆ. ಮೇಷ್ಟ್ರು ನಿಮ್ಮ ಅಂಗಡಿಗೆ ಬಂದು ಆ ಮಾತ್ರೆ ವಿಚಾರ ಕೇಳಿದ್ದೂ ಡಾಕ್ಟರಿಗೆ ಗೊತ್ತು. ಅದಾದ ಶನಿವಾರವೇ ನೀವು ಹೊಸ ವಾದ್ಯ ತಗೊಂಡು ಇಲ್ಲಿಗೆ ಬಂದಿರಿ.”

ಹುಡುಗಿ ಎದ್ದು ನಿಂತಿದ್ದಳು. ಅಪ್ಪ ದಿನಾ ಕಪಾಟಿನಲ್ಲಿ ಏನನ್ನು ಹುಡುಕುತ್ತಿದ್ದರೆಂದು ಅವಳಿಗೆ ಆಗ ಅರ್ಥವಾಯಿತು. ಚಿಕ್ಕಪ್ಪ ಅವಳ ತೋಳು ಹಿಡಿದುಕೊಂಡ.

“ಡಾಕ್ಟರಿಗೆ ಮೇಷ್ಟ್ರು ಇನ್ನೊಂದು ಮಾತು ಹೇಳಿದ್ದರು” ಎಂದರು ಅತ್ತಿಗೆ ಮೆಲ್ಲಗೆ. “‘ತಪ್ಪು ಯಾರ ಕೈಯಲ್ಲೂ ಆಗತ್ತೆ. ಅವರಾಗೇ ಬಂದು ಹೇಳಲಿ ಅಂತ ಕಾಯ್ತಿದೀನಿ’ ಅಂತ. ನಾಲ್ಕು ವಾರ ಎದುರಿಗೆ ಕೂರಿಸ್ಕೊಂಡು ಪಾಠ ಹೇಳಿದರು. ನೀವು ಬಾಯಿ ಬಿಡಲಿಲ್ಲ. ಶನಿವಾರ ಬೇಕಂತಲೇ ನಿಮಗೆ ಕೇಳೋ ಹಾಗೆ ಅರ್ಜಿ ವಿಷಯ ಎತ್ತಿದರು. ಅದು ಬೆದರಿಕೆ ಅಲ್ಲ ಸ್ವಾಮಿ, ಕೊನೇ ಅವಕಾಶ.”

ಮೆಡಿಕಲ್ ಸ್ಟೋರಿನವರು ಮಡಚುವ ಕುರ್ಚಿಯೊಂದರ ಮೇಲೆ ಕುಸಿದರು. ಇಪ್ಪತ್ತು ವರ್ಷ ಪೇಟೆಯವರಿಗೆಲ್ಲ ಜ್ವರಕ್ಕೆ, ಕೆಮ್ಮಿಗೆ ಔಷಧಿ ಕೊಟ್ಟ ಆ ಕೈಗಳನ್ನು ಮಂಡಿಯ ಮೇಲೆ ಊರಿಕೊಂಡರು. ಅರ್ಜಿಯನ್ನೂ ಅದರ ಜೊತೆಗಿದ್ದ ಆ ಮಾತ್ರೆ ಶೀಟನ್ನೂ ಅಂಗಡಿಯ ಹಿಂದೆ ಸುಟ್ಟೆ ಎಂದು ಅವರಾಗಿಯೇ ಹೇಳಿದರು. ಅಧಿಕಾರಿ ಪೇದೆಗಳಿಗೆ ಸನ್ನೆ ಮಾಡಿದರು. ನಾನು ಅವಸರದಿಂದ ಮೇಷ್ಟ್ರ ಕುರ್ಚಿಯಿಂದ ಎದ್ದೆ. ಶನಿವಾರ ಆ ಕಾಗದವನ್ನು ನಾನು ಚೀಲಕ್ಕೆ ಹಾಕಿಕೊಂಡಿದ್ದರೆ ಈ ಮೆಡಿಕಲ್ ಸ್ಟೋರಿನವರಿಗೆ ಇಲ್ಲಿಗೆ ವಾಪಸು ಬರುವ ಕೆಲಸವೇ ಇರಲಿಲ್ಲ. ಇದನ್ನು ಅತ್ತಿಗೆ ಇಂದಿನವರೆಗೂ ಬಾಯಿ ಬಿಟ್ಟು ಹೇಳಿಲ್ಲ. ನಾನು ಮರೆತೂ ಇಲ್ಲ.

ಹುಡುಗಿ ಅವರೆದುರು ಹೋಗಿ ನಿಂತಳು. ಕೈ ಎತ್ತುತ್ತಾಳೆ ಎಂದು ಹೆದರಿದೆ. ಅವಳು ಕೇಳಿದ್ದು ಒಂದೇ ಮಾತು.

“ಅಪ್ಪ ನಿಮ್ಮನ್ನ ಏನೂ ಕೇಳಲಿಲ್ವಾ?”

ಅವರು ತಲೆ ಬಗ್ಗಿಸಿಯೇ ಹೇಳಿದರು.

“ಕೇಳಿದರು. ನಾನು ವಾಪಸು ಬಂದಾಗ ಇನ್ನೂ ನುಡಿಸೋಕೆ ಕೂತಿರಲಿಲ್ಲ, ನನ್ನ ನೋಡಿ ಖುಷಿಯಾದರು. ತಮ್ಮ ಟೀಯಲ್ಲೇ ಅರ್ಧ ಫ್ಲಾಸ್ಕಿನ ಮುಚ್ಚಳದಲ್ಲಿ ನನಗೂ ಕೊಟ್ಟರು. ಅವರು ಕಿಟಕಿ ಹಾಕೋಕೆ ಎದ್ದಾಗ ಅವರ ಲೋಟಕ್ಕೆ ನಿದ್ದೆ ಮಾತ್ರೆ ಪುಡಿ ಹಾಕಿದೆ. ಕುಡಿದಾದ ಮೇಲೆ, ‘ಏನೋ ಹೇಳಬೇಕು ಅಂತ ಬಂದಿದೀರಲ್ವಾ? ಹೇಳಿ’ ಅಂದರು. ನನಗೆ ಬಾಯಿ ಬರಲಿಲ್ಲ. ಎರಡನೇ ಹಿಡಿತದಲ್ಲಿ ಉಂಗುರದ ಬೆರಳು ಕೂರ್ತಿಲ್ಲ ಮೇಷ್ಟ್ರೇ ಅಂದೆ. ಪಕ್ಕಕ್ಕೆ ಕುರ್ಚಿ ಎಳ್ಕೊಂಡು ಬಂದು, ನನ್ನ ಬೆರಳು ಹಿಡಿದು ತಂತಿ ಮೇಲೆ ಇಡಿಸ್ತಾ ಇದ್ದರು. ಹಿಡಿದ ಹಾಗೇ ನಿದ್ದೆ ಹೋದರು.”

ಹುಡುಗಿ ಅವರ ಎಡಗೈಯನ್ನೇ ನೋಡುತ್ತ ನಿಂತಿದ್ದಳು. ತಂತಿ ಒತ್ತಿ ಒತ್ತಿ ಬೆರಳ ತುದಿಗಳಲ್ಲಿ ಗೆರೆ ಬಿದ್ದಿತ್ತು. ಪೇದೆಗಳು ಅವರನ್ನು ಎಬ್ಬಿಸಿ ಕೆಳಗೆ ಕರೆದುಕೊಂಡು ಹೋದರು. ಮೆಟ್ಟಿಲ ಸದ್ದು ನಿಂತ ಮೇಲೆ ಅವಳು ಚಿಕ್ಕಪ್ಪನ ಎದೆಗೆ ಮುಖ ಒತ್ತಿ, ಶನಿವಾರದಿಂದ ಮೊದಲ ಸಲ, ಗಟ್ಟಿಯಾಗಿ ಅತ್ತಳು.