ದೀಪವಿಲ್ಲದ ದೇವರ ಗೂಡು

ಫೆಬ್ರವರಿ ಏಳು, ಶನಿವಾರ ಮಧ್ಯಾಹ್ನ ಮೂರೂ ಹತ್ತಕ್ಕೆ ನಂಜನಗೂಡು ಠಾಣೆಗೆ ಬಂದ ದೂರು ಅಂಗೈಯಗಲದ ಒಂದು ಫಿಲ್ಮಿನದು. ದೂರುದಾರರು ಅರ್ಪಿತ, ತಾಂಡವಪುರ ರಸ್ತೆಯ ಖಾಸಗಿ ಕ್ಯಾನ್ಸರ್ ಆಸ್ಪತ್ರೆಯ ಭೌತವಿಜ್ಞಾನಿ. ಕಳುವಾದ ಮಾಲಿನ ಬೆಲೆ ಎಷ್ಟೆಂದು ಹೆಡ್ ಕಾನ್ಸ್‌ಟೇಬಲ್ ಚಲುವಯ್ಯ ಕೇಳಿದ.

"ನನ್ನ ಕೆಲಸ ಅಂತ ಬರ್ಕೊಳ್ಳಿ" ಎಂದರು ಅರ್ಪಿತ. ಚಲುವಯ್ಯ ಪೆನ್ನು ಕೆಳಗಿಟ್ಟ.

ಇನ್‌ಸ್ಪೆಕ್ಟರ್ ನಂಜೇಶ್ ಕೂರಿಸಿ ವಿವರ ಕೇಳಿದರು. ರೋಗಿಗೆ ವಿಕಿರಣ ಕೊಡುವ ಮುನ್ನ ಅಷ್ಟೇ ವಿಕಿರಣವನ್ನು ಈ ಹಳದಿ ಫಿಲ್ಮಿನ ಮೇಲೆ ಬಿಟ್ಟು ನೋಡುತ್ತಾರೆ. ತಾಗಿದಷ್ಟೂ ಅದು ಕಪ್ಪುಹಸಿರಾಗುತ್ತದೆ. ಬಣ್ಣ ಅಳೆದರೆ ಎಲ್ಲಿ ಎಷ್ಟು ಬಿದ್ದಿದೆ ಎಂಬುದು ತಿಳಿಯುತ್ತದೆ. ನವೆಂಬರಿನಲ್ಲಿ ಒಂದು ಫಿಲ್ಮಿನ ಅಂಚು ಅತಿಯಾಗಿ ಕಪ್ಪಾಗಿತ್ತು. ಅರ್ಪಿತ ತಕ್ಷಣ ಯಂತ್ರ ನಿಲ್ಲಿಸಿ, ರಿಪೇರಿಯಾದ ಮೇಲೆಯೇ ರೋಗಿಗೆ ಚಿಕಿತ್ಸೆ ಕೊಡಿಸಿದ್ದರು. ದೋಷವೇ ಇರಲಿಲ್ಲ, ಮೂರು ದಿನ ಸುಮ್ಮನೆ ಯಂತ್ರ ನಿಲ್ಲಿಸಿದರು ಎಂದು ಯಂತ್ರದ ಕಂಪನಿ ಈಗ ತಿರುಗಿಬಿದ್ದಿತ್ತು. ಫಿಲ್ಮಿನ ಕಂಪ್ಯೂಟರ್ ಪ್ರತಿ ಅದಕ್ಕೆ ಒಪ್ಪಿಗೆಯಿಲ್ಲ, ಮೂಲ ಫಿಲ್ಮೇ ಬೇಕು. ಸೋಮವಾರ ಆಸ್ಪತ್ರೆಯ ಆಡಳಿತ ಮಂಡಳಿಯ ಮುಂದೆ ವಿಚಾರಣೆ. ಫಿಲ್ಮು ತೋರಿಸದಿದ್ದರೆ ಅರ್ಪಿತರ ಕೆಲಸ ಹೋಗುತ್ತಿತ್ತು.

ಎಫ್‌ಐಆರ್ ಆಯಿತು. ನಾಲ್ಕೂವರೆಗೆ ಆಸ್ಪತ್ರೆಯಲ್ಲಿ ಅರ್ಪಿತರ ಕೋಣೆಯ ಪಂಚನಾಮೆ. ಬೀಗ ಒಡೆದಿರಲಿಲ್ಲ, ಕೀಲಿ ಡ್ರಾಯರಿನಲ್ಲೇ ನೇತಾಡುತ್ತಿತ್ತು, ಓದಿದವರ ಜಾಗ್ರತೆ ಅಷ್ಟು. ನಲವತ್ತು ಫಿಲ್ಮುಗಳಲ್ಲಿ ಒಂದೇ ಒಂದು, ರೋಗಿಯ ಹೆಸರು ಬರೆದ ಅದರ ಕಪ್ಪು ಲಕೋಟೆಯ ಸಮೇತ ಹೋಗಿತ್ತು.

ಎಲ್ಲರೂ ಕಂಪನಿಯ ಎಂಜಿನಿಯರನತ್ತ ಬೆರಳು ತೋರಿಸಿದರು. ಅವನು ಗುರುವಾರದಿಂದ ಹುಬ್ಬಳ್ಳಿಯಲ್ಲಿದ್ದ. ಲಾಡ್ಜಿನ ರಿಜಿಸ್ಟರೂ ಅದನ್ನೇ ಹೇಳಿತು. ಸಿಸಿ ಕ್ಯಾಮೆರಾದಲ್ಲಿ ಬೆಳಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ರಸಬಾಳೆಯ ಚಿಪ್ಪು ಹಿಡಿದ ಒಬ್ಬ ಆ ಕೋಣೆಯೊಳಗೆ ಹೋಗಿ, ನಾಲ್ಕು ನಿಮಿಷದಲ್ಲಿ ಬರಿಗೈಯಲ್ಲಿ ಹೊರಬಂದಿದ್ದ. ಹಣ್ಣು ಇನ್ನೂ ಮೇಜಿನ ಮೇಲಿತ್ತು.

"ಅಣ್ಣು ಕೊಟ್ಟು ಕದಿಯೋನ್ನ ನನ್ ಸರ್ವೀಸಲ್ಲೇ ನೋಡಿಲ್ಲ ಸಾ" ಎಂದ ಚಲುವಯ್ಯ.

"ಆ ಫಿಲ್ಮು ಯಾವ ರೋಗೀದು?" ನಂಜೇಶ್ ಕೇಳಿದರು.

"ಮಂಗಳಮ್ಮ ಅಂತ. ಗುಣವಾಗಿ ಹೋದ್ರು. ಹಣ್ಣು ತರೋದು ಅವರ ಯಜಮಾನ್ರು, ನಿಂಗರಾಜು..." ಅರ್ಪಿತ ಮೇಜಿನ ಮೇಲಿನ ಚಿಪ್ಪನ್ನು ನೋಡಿದರು.

ಭಾನುವಾರ ಬೆಳಗ್ಗೆ ಎಂಟಕ್ಕೆ ಜೀಪು ತಿ. ನರಸೀಪುರದ ಹತ್ತಿರದ ಅವರ ಹಳ್ಳಿಗೆ ಹೋಯಿತು. ನಿಂಗರಾಜು ಪಂಚಾಯಿತಿಯ ವಾಟರ್‌ಮನ್. ಮಂಗಳಮ್ಮ ತುಂಬಿದ ಬಿಂದಿಗೆ ಇಳಿಸಿ, ಬಂದವರಿಗೆ ಕಾಫಿ ಕೊಟ್ಟಳು. ಕುಡಿಯುತ್ತ ನಂಜೇಶರ ಕಣ್ಣು ದೇವರ ಗೂಡಿನತ್ತ ಹೋಯಿತು. ನಂಜುಂಡೇಶ್ವರನ ಪಟಕ್ಕೆ ಆಗಷ್ಟೇ ಹೂವು, ಕುಂಕುಮ ಇಟ್ಟಿದ್ದರು. ಉರಿಯುವ ದೀಪ ಮಾತ್ರ ದೂರದ ಅಡುಗೆಮನೆಯ ಹೊಸ್ತಿಲ ಬಳಿ ಇತ್ತು.

"ದೀಪ ಯಾಕೆ ಅಲ್ಲಿ?"

ನಿಂಗರಾಜು ಪಟದ ಮುಂದೆ ಹೋಗಿ ನಿಂತ. "ಅದಕ್ಕೆ ಬೆಳಕು ತಾಗ್ಬಾರ್ದಂತೆ ಸಾ. ಮೇಡಂ ಏಳಿದ್ರು."

ಪಟದ ಹಿಂದೆ ಕಪ್ಪು ಲಕೋಟೆ ಇತ್ತು. ಮೇಲೆ ಅರಿಸಿನದ ಬಟ್ಟೆ. ಅವನು ಒಮ್ಮೆಯೂ ತೆರೆದು ನೋಡಿರಲಿಲ್ಲ.

"ಇದೇ ನಿಮ್ಮ ಮನೆಯವ್ರನ್ನ ಕಾಪಾಡಿದ್ದು ಅಂತ ಮೇಡಂ ತೋರ್ಸಿದ್ರು. ನಂಗೆ ಕೊಡಿ ಅಂತ ಕೇಳ್ದೆ, ಇದು ದಾಖಲೆ, ಕೊಡಕಾಗಲ್ಲ ಅಂದ್ರು. ಅವ್ರಿಗೇ ಕುತ್ತು ಬತ್ತದೆ ಅಂತ ಗೊತ್ತಿದ್ರೆ ಮುಟ್ತಿರ್ಲಿಲ್ಲ ಸಾ."

ಒಂಬತ್ತೂ ನಲವತ್ತಕ್ಕೆ ದಸ್ತಗಿರಿ. ಮಂಗಳಮ್ಮ ಜೀಪಿನವರೆಗೂ ಬಂದಳು. ಚಲುವಯ್ಯನಿಗೆ ಆ ದಿನ ಊಟ ಸೇರಲಿಲ್ಲ.

ಸೋಮವಾರ ನ್ಯಾಯಾಲಯದ ಅನುಮತಿ ಪಡೆದು ಫಿಲ್ಮನ್ನು ವಿಚಾರಣೆಗೆ ಒಯ್ದರು. ಬೆಳಕು ಸೋಕದ ಫಿಲ್ಮಿನ ಅಂಚು ಕಂಪ್ಯೂಟರಿನ ಪ್ರತಿಗೆ ಸರಿಯಾಗಿ ತಾಳೆಯಾಯಿತು. ಕಂಪನಿ ಬಾಯಿ ಮುಚ್ಚಿತು. ಅರ್ಪಿತರ ಕೆಲಸ ಉಳಿಯಿತು. ವರದಿಯಲ್ಲಿ ನಂಜೇಶ್ ಬರೆದರು: ಆರೋಪಿಗೆ ಲಾಭದ ಆಸೆ ಇರಲಿಲ್ಲ, ಹೆಂಡತಿ ಬದುಕಿದ್ದಕ್ಕೆ ಯಾರಿಗೆ ಕೈಮುಗಿಯಬೇಕೆಂದು ತಿಳಿಯದೆ ಫಿಲ್ಮನ್ನೇ ದೇವರ ಪಕ್ಕದಲ್ಲಿಟ್ಟಿದ್ದ.

ಮಂಗಳವಾರ ಜಾಮೀನಾಯಿತು. ಶ್ಯೂರಿಟಿಗೆ ಸಹಿ ಹಾಕಿದವರು ಅರ್ಪಿತ. ನಿಂಗರಾಜು ತಲೆ ಎತ್ತಲಿಲ್ಲ.

"ನೀವು ಅಷ್ಟು ಜೋಪಾನ ಮಾಡಿದ್ದಕ್ಕೆ ನಾನು ಉಳಿದೆ" ಎಂದರು ಅವರು. "ಇನ್ಮೇಲೆ ದೀಪ ದೇವರ ಮುಂದೇನೆ ಹಚ್ಚಿ."